ಶಿವಮೊಗ್ಗದ ಸುತ್ತಲಿನ ಕಾಡಿನಲ್ಲಿ ಛಾಯಾಗ್ರಹಣದ ನಡಿಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಬೆಳಗಿನ ಜಾವ ಕ್ಯಾಮೆರಾ ಹಿಡಿದು ಶಿವಮೊಗ್ಗದ ಆಸುಪಾಸಿನ ಕಾಡು ಸುತ್ತಿ ಬಂದವರು ತೋರಿಸುವ ಚಿತ್ರಗಳಲ್ಲಿ ಮೂರು ದೋಷಗಳು ಮತ್ತೆ ಮತ್ತೆ ಕಾಣುತ್ತವೆ. ಹಕ್ಕಿ ಆಕಾಶದ ಬಿಳುಪಿನ ಎದುರು ಬರೀ ಕಪ್ಪು ಆಕೃತಿಯಾಗಿರುತ್ತದೆ. ಮರದ ನೆರಳಿನಲ್ಲಿ ತೆಗೆದದ್ದೆಲ್ಲ ಅಲುಗಿ ಮಸುಕಾಗಿರುತ್ತದೆ. ಉಳಿದವುಗಳಲ್ಲಿ ಓಡಿಹೋಗುತ್ತಿರುವ ಪ್ರಾಣಿಯ ಬೆನ್ನು ಮಾತ್ರ ಸಿಕ್ಕಿರುತ್ತದೆ. ದುಬಾರಿ ಲೆನ್ಸ್ ಕೊಂಡ ಮೇಲೂ ಇವು ಹೋಗದಿರಲು ಕಾರಣ, ಕೆಲಸದ ಕ್ರಮವೇ ತಲೆಕೆಳಗಾಗಿರುವುದು. ಬಹುತೇಕರು ಮೊದಲು ಪ್ರಾಣಿಯನ್ನು ಹುಡುಕುತ್ತಾರೆ, ಅದು ಕಂಡ ಮೇಲೆ ಕ್ಯಾಮೆರಾ ಸರಿಪಡಿಸಿಕೊಳ್ಳಲು ತೊಡಗುತ್ತಾರೆ, ಬೆಳಕಿನ ವಿಚಾರ ಮನೆಗೆ ಬಂದು ಚಿತ್ರ ನೋಡುವಾಗ ನೆನಪಾಗುತ್ತದೆ. ಕಾಡಿನಲ್ಲಿ ಮೊದಲು ನೋಡಬೇಕಾದದ್ದು ಬೆಳಕು, ಆಮೇಲೆ ಹಿನ್ನೆಲೆ, ಕೊನೆಗೆ ಜೀವಿ. ಮುಂದಿನ ಹಂತಗಳನ್ನು ಇದೇ ಕ್ರಮಕ್ಕೆ ಹೊಂದಿಸಿ ಬರೆಯಲಾಗಿದೆ. ನಡುವಿನದೊಂದನ್ನು ಬಿಟ್ಟರೆ ಅದರ ಪರಿಣಾಮ ಮುಂದಿನ ಹಂತದಲ್ಲಿ ತಪ್ಪದೇ ಕಾಣಿಸಿಕೊಳ್ಳುತ್ತದೆ.

ಹಂತ 1: ಜಾಗವನ್ನೂ ಅನುಮತಿಯನ್ನೂ ಖಚಿತಪಡಿಸಿಕೊಳ್ಳಿ

ಮೊದಲ ನಡಿಗೆಗೆ ಊರಿಗೆ ಹತ್ತಿರದ, ಗುರುತಾದ ಕಾಲುಹಾದಿಗಳಿರುವ ಜಾಗವನ್ನೇ ಆರಿಸಿಕೊಳ್ಳಬೇಕು. ಸಾಗರ ರಸ್ತೆಯ ಮುದ್ದಿನಕೊಪ್ಪದ ಟ್ರೀ ಪಾರ್ಕ್ ಇದಕ್ಕೆ ಒಗ್ಗುತ್ತದೆ. ಅದೇ ರಸ್ತೆಯ ತ್ಯಾವರೆಕೊಪ್ಪದ ಹುಲಿ–ಸಿಂಹಧಾಮದಲ್ಲಿ ಸಫಾರಿ ವಾಹನದಿಂದ ಇಳಿಯುವಂತಿಲ್ಲವಾದ್ದರಿಂದ ಅದನ್ನು ನಡಿಗೆಯ ಪಟ್ಟಿಯಿಂದ ಬಿಡಿ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನ ಹಿನ್ನೀರು, ಸಕ್ರೆಬೈಲಿನ ಆನೆ ಬಿಡಾರ ಮತ್ತು ಸುಮಾರು 30 ಕಿಲೋಮೀಟರ್ ದೂರದ ಮಂಡಗದ್ದೆಯ ಪಕ್ಷಿಧಾಮ ಒಂದರ ಹಿಂದೆ ಒಂದು ಸಿಗುತ್ತವೆ. ಇವುಗಳಲ್ಲಿ ದಟ್ಟ ಕಾಡಿನ ಕಷ್ಟವಿಲ್ಲ, ನೀರಿನ ದಡದ ತೆರೆದ ಬೆಳಕು ಇದೆ.

ಶೆಟ್ಟಿಹಳ್ಳಿ ವನ್ಯಜೀವಿಧಾಮದ ವಿಚಾರ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದೊಳಗೆ ಹೋಗಲು ಅನುಮತಿ ಪತ್ರ ಬೇಕು, ಮತ್ತು ಆ ಅನುಮತಿಯನ್ನು ಕೊಡಬಹುದಾದ ಉದ್ದೇಶಗಳಲ್ಲಿ ಛಾಯಾಗ್ರಹಣವನ್ನು ಕಾಯ್ದೆಯೇ ಹೆಸರಿಸಿದೆ. ಆದ್ದರಿಂದ ‘ಊರಿನವರು ಓಡಾಡುತ್ತಾರೆ, ನಾನೂ ಹೋಗಬಹುದು’ ಎಂಬ ತರ್ಕ ನಡೆಯುವುದಿಲ್ಲ. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮುಂಚೆಯೇ ವಿಚಾರಿಸಿ, ಅನುಮತಿ ಸಿಕ್ಕರೆ ಇಲಾಖೆಯ ಸಿಬ್ಬಂದಿಯೊಂದಿಗೆ ಮಾತ್ರ ಹೋಗಿ. ಡ್ರೋನ್ ಹಾರಿಸುವ ಯೋಚನೆಯನ್ನು ಇಲ್ಲಿಗೇ ಕೈಬಿಡಿ.

ಟ್ರೀ ಪಾರ್ಕಿನಂಥ ಜಾಗಗಳಲ್ಲಿ ಎಡವುವುದು ಸಮಯದ ವಿಷಯದಲ್ಲಿ. ಬಾಗಿಲು ತೆರೆಯುವ ಹೊತ್ತು ತಿಳಿಯದೆ ಹೋದವರು ಒಳ್ಳೆಯ ಬೆಳಕನ್ನೆಲ್ಲ ಗೇಟಿನ ಹೊರಗೆ ನಿಂತು ಕಳೆಯುತ್ತಾರೆ. ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳಿ. ಬಾಗಿಲು ತಡವಾಗಿ ತೆರೆಯುವುದಾದರೆ ಸಂಜೆಯ ಕೊನೆಯ ಎರಡು ಗಂಟೆಗಳನ್ನು ಆರಿಸಿಕೊಳ್ಳಿ.

ಹಂತ 2: ಋತುವಿಗೆ ತಕ್ಕ ಗುರಿ ಇಟ್ಟುಕೊಳ್ಳಿ

ಶಿವಮೊಗ್ಗದ ಬಗಲಿನ ಕಾಡು ಬಹುಪಾಲು ಎಲೆ ಉದುರಿಸುವ ಕಾಡು. ಮತ್ತಿ, ನಂದಿ, ತೇಗ, ಬಿದಿರು ಅದರ ಮುಖ್ಯ ಮರಗಳು. ಪಶ್ಚಿಮಕ್ಕೆ ಆಗುಂಬೆಯ ಕಡೆ ಸಾಗಿದಂತೆ ವರ್ಷವಿಡೀ ಹಸಿರಾಗಿರುವ ಕಾನು ಸಿಗುತ್ತದೆ. ಒಂದರಲ್ಲಿ ಫಲಿಸಿದ ಯೋಜನೆ ಇನ್ನೊಂದರಲ್ಲಿ ಫಲಿಸುವುದಿಲ್ಲ.

ಎಲೆ ಉದುರುವ ಕಾಡಿಗೆ ಫೆಬ್ರುವರಿ ಮತ್ತು ಮಾರ್ಚ್ ಉತ್ತಮ ತಿಂಗಳುಗಳು. ಕೊಂಬೆಗಳು ಬೋಳಾಗಿರುವುದರಿಂದ ಬೆಳಕು ನೆಲದವರೆಗೂ ಇಳಿಯುತ್ತದೆ, ಮುತ್ತುಗ ಮತ್ತು ಬೂರುಗ ಹೂ ಬಿಟ್ಟಿರುತ್ತವೆ, ಆ ಹೂಗಳಿಗೆ ಗೊರವಂಕ, ಕಾಜಾಣ, ಸೂರಕ್ಕಿಗಳು ಸಾಲುಗಟ್ಟಿ ಬರುತ್ತವೆ. ಹೂಬಿಟ್ಟ ಒಂದು ಮುತ್ತುಗದ ಮರವನ್ನು ಗುರುತಿಸಿಕೊಂಡು ಸೂರ್ಯನನ್ನು ಬೆನ್ನಿಗೆ ಹಾಕಿ ನಿಂತರೆ, ಹೊಸಬರಿಗೂ ಒಂದೇ ಬೆಳಿಗ್ಗೆ ಇಡೀ ಕಾಡು ಅಲೆದರೆ ಸಿಗುವುದಕ್ಕಿಂತ ಹೆಚ್ಚು ಚಿತ್ರಗಳು ಸಿಗುತ್ತವೆ.

ಮಳೆಗಾಲದಲ್ಲಿ ಹಕ್ಕಿಯ ಆಸೆ ಬಿಟ್ಟು ಅಣಬೆ, ಕಪ್ಪೆ, ಹಾವಸೆ, ಜೇಡಗಳ ಕಡೆ ತಿರುಗುವುದು ಒಳ್ಳೆಯದು. ಹಕ್ಕಿಯೇ ಬೇಕೆಂದಿದ್ದರೆ ಮಂಡಗದ್ದೆಗೆ ಹೋಗಿ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿಯೇ, ಮತ್ತು ದಡದಲ್ಲಿ ನಿಂತೇ ಅವುಗಳನ್ನು ಸೆರೆಹಿಡಿಯಬಹುದು.

ಹೊತ್ತಿನ ಬಗ್ಗೆ ಒಂದು ಮಾತು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಏಳಕ್ಕೆ ಹತ್ತಿರ. ಮರಗಳ ಕೆಳಗೆ ಚಿತ್ರಕ್ಕೆ ಸಾಲುವಷ್ಟು ಬೆಳಕು ಬರಲು ಇನ್ನೂ ಮುಕ್ಕಾಲು ಗಂಟೆ ಬೇಕು. ಐದೂವರೆಗೇ ಹೋಗಿ ಕತ್ತಲಲ್ಲಿ ಓಡಾಡಿ ಪ್ರಾಣಿಗಳನ್ನು ಬೆದರಿಸುವುದರಿಂದ ಪ್ರಯೋಜನವಿಲ್ಲ. ಹತ್ತು ಗಂಟೆಯ ನಂತರ ಎಲೆಗಳ ನಡುವಿನಿಂದ ಬೀಳುವ ಬಿಸಿಲಿನ ಚುಕ್ಕೆಗಳು ಜೀವಿಯ ಮೈಮೇಲೆ ಬಿಳಿ ಕಲೆಗಳಾಗಿ ಕೂರುವುದರಿಂದ ದೊಡ್ಡ ದೃಶ್ಯಗಳನ್ನು ಬಿಟ್ಟು, ಪೂರ್ತಿ ನೆರಳಿನಲ್ಲಿರುವ ಸಣ್ಣ ವಸ್ತುಗಳಿಗೆ ಗಮನ ಕೊಡಿ.

ಹಂತ 3: ಚೀಲವನ್ನು ಹಗುರವಾಗಿಡಿ

ಒಂದು ಕ್ಯಾಮೆರಾ, ಒಂದು ಲೆನ್ಸ್ ಸಾಕು. ಹಕ್ಕಿಗಳಿಗೆ 300 ಮಿಲಿಮೀಟರ್ ಅಥವಾ ಅದಕ್ಕಿಂತ ಉದ್ದದ್ದು, ಕೀಟ–ಅಣಬೆಗಳಿಗೆ ಮ್ಯಾಕ್ರೋ (ಸಣ್ಣ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವ ಲೆನ್ಸ್). ಎರಡನ್ನೂ ಒಯ್ದು ತೇವದ ಗಾಳಿಯಲ್ಲಿ ಪದೇ ಪದೇ ಲೆನ್ಸ್ ಬದಲಾಯಿಸುವವರ ಸೆನ್ಸರಿಗೆ ದೂಳೂ ತೇವವೂ ಸೇರುತ್ತವೆ. ಕಾಲುಹಾದಿಗೆ ಟ್ರೈಪಾಡಿಗಿಂತ ಒಂದೇ ಕಾಲಿನ ಮೊನೋಪಾಡ್ ಹೆಚ್ಚು ಅನುಕೂಲ. ಅದನ್ನು ಬಿಡಿಸಿ ಊರಲು ಹೊತ್ತು ಹಿಡಿಯುವುದಿಲ್ಲ. ಹೆಚ್ಚುವರಿ ಬ್ಯಾಟರಿ, ಖಾಲಿ ಮೆಮೊರಿ ಕಾರ್ಡ್, ಲೆನ್ಸ್ ಒರೆಸುವ ಬಟ್ಟೆ, ಕ್ಯಾಮೆರಾ ಮುಚ್ಚುವಷ್ಟು ದೊಡ್ಡ ಪ್ಲಾಸ್ಟಿಕ್ ಹೊದಿಕೆ, ನೆಲಕ್ಕೆ ಹಾಸಲು ಒಂದು ದಪ್ಪ ಶೀಟು, ಕುಡಿಯುವ ನೀರು, ಟಾರ್ಚ್ ಇರಲಿ. ಸೆಂಟು ಹಚ್ಚಿಕೊಂಡು ಹೋಗಬೇಡಿ. ಹೆಜ್ಜೇನನ್ನು ಕೆರಳಿಸುವ ಕಾರಣಗಳಲ್ಲಿ ಗಾಢ ವಾಸನೆಯೂ ಒಂದು.

ಹಂತ 4: ಉಣುಗು (ಉಣ್ಣೆ) ಮತ್ತು ಉಂಬಳದ (ಜಿಗಣೆ) ಸಿದ್ಧತೆ

ಪ್ರವಾಸದ ಸಲಹೆಗಳಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಈ ವಿಷಯವನ್ನು ಇಲ್ಲಿ ವಿವರವಾಗಿಯೇ ಹೇಳಬೇಕಾಗಿದೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೋಂಕು ತಗುಲಿದ ಉಣುಗು ಕಚ್ಚುವುದರಿಂದ ಅದು ಮನುಷ್ಯರಿಗೆ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಮತ್ತು ಪ್ರಕರಣಗಳು ಹೆಚ್ಚುವುದು ನವೆಂಬರ್–ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ. ಅಂದರೆ ಎಲೆ ಉದುರಿದ ಕಾಡಿನಲ್ಲಿ ಚಿತ್ರ ತೆಗೆಯಲು ಅತ್ಯುತ್ತಮವಾದ ತಿಂಗಳುಗಳೂ ಉಣುಗಿನ ತಿಂಗಳುಗಳೂ ಒಂದೇ. ಅಷ್ಟೇ ಅಲ್ಲ, ಒಳ್ಳೆಯ ಚಿತ್ರಕ್ಕಾಗಿ ನಾವು ದರಗಿನ (ಒಣ ಎಲೆಗಳ ಹಾಸು) ಮೇಲೆ ಕೂರುವುದು, ಮಲಗುವುದು, ಮೊಣಕೈ ಊರುವುದು ಎಲ್ಲವೂ ಉಣುಗು ಹತ್ತಲು ಅನುಕೂಲ ಮಾಡಿಕೊಡುವ ಭಂಗಿಗಳೇ ಆಗಿವೆ.

ಆದ್ದರಿಂದ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಕಡುಹಸಿರು ಬಟ್ಟೆಗಿಂತ ತಿಳಿ ಖಾಕಿ ಅಥವಾ ಬೂದು ಬಣ್ಣವನ್ನು ಆರಿಸಿ. ಹಕ್ಕಿಗಳು ಅದಕ್ಕೆ ಹೆದರುವುದಿಲ್ಲ, ಆದರೆ ಎಳ್ಳಿಗಿಂತ ಸಣ್ಣದಾದ ಮರಿ ಉಣುಗು ಅದರ ಮೇಲೆ ಹರಿದರೆ ಕಣ್ಣಿಗೆ ಬೀಳುತ್ತದೆ. ಆರೋಗ್ಯ ಇಲಾಖೆಯವರು ಕಾಡಂಚಿನ ಊರುಗಳಲ್ಲಿ ಹಂಚುವ, ಉಣುಗನ್ನು ದೂರವಿಡುವ ಡೆಪಾ ತೈಲವನ್ನು ತೆರೆದ ಚರ್ಮಕ್ಕೆ ಹಚ್ಚಿಕೊಂಡು, ಕೈ ಒರೆಸಿದ ಮೇಲೆಯೇ ಕ್ಯಾಮೆರಾ ಮುಟ್ಟಿ. ಕೂರುವಾಗ ಶೀಟು ಹಾಸುವುದನ್ನು ಮರೆಯಬೇಡಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಚಿತ್ರಕ್ಕಾಗಿ ನಿಲ್ಲದೆ, ಅಲ್ಲಿಂದಲೇ ಹಿಂದಿರುಗಿ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕು. ಆ ದಿನದ ನಡಿಗೆ ಅಲ್ಲಿಗೆ ಮುಗಿಯಿತೆಂದು ತಿಳಿಯಿರಿ.

ಉಂಬಳದಿಂದ ತೊಂದರೆಯೇನೋ ಇದೆ, ಆದರೆ ಅದು ರೋಗ ತರುವುದಿಲ್ಲ. ಮಳೆಗಾಲದಲ್ಲಿ ಮೊಣಕಾಲಿನವರೆಗಿನ ಉಂಬಳದ ಕಾಲುಚೀಲ ಹಾಕಿ, ಒಂದು ಬಟ್ಟೆಯ ಗಂಟಿನಲ್ಲಿ ಉಪ್ಪು ಅಥವಾ ಸುಣ್ಣ ಇಟ್ಟುಕೊಳ್ಳಿ. ಕಚ್ಚಿಕೊಂಡಾಗ ಎಳೆದು ಕೀಳಬೇಡಿ. ಉಗುರನ್ನು ಬಾಯಿಯ ಭಾಗದ ಕೆಳಗೆ ಸರಿಸಿ ಬಿಡಿಸಿ. ಕಚ್ಚಿದ ಜಾಗದಲ್ಲಿ ರಕ್ತ ಬೇಗ ಹೆಪ್ಪುಗಟ್ಟದಿದ್ದರೆ ಗಾಬರಿಯಾಗದೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು.

ಹಂತ 5: ಕ್ಯಾಮೆರಾವನ್ನು ಮನೆಯಲ್ಲೇ ಹೊಂದಿಸಿ

ಬಯಲಿನಲ್ಲಿ ಬೆಳಗಿನ ಬಿಸಿಲಿಗೆ ಅಪರ್ಚರ್ (ಲೆನ್ಸಿನ ತೆರವು) ಎಫ್ 5.6, ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಪ್ರಮಾಣ) 400, ಶಟರ್ (ಬೆಳಕು ಒಳಬರುವ ಅವಧಿ) 1/1000 ಸೆಕೆಂಡ್ ಸಾಕಾಗುತ್ತದೆ ಎಂದುಕೊಳ್ಳಿ. ದಟ್ಟ ಕಾನಿನ ನೆಲಕ್ಕೆ ತಲುಪುವ ಬೆಳಕು ಬಯಲಿನ ಬೆಳಕಿನ ನೂರರಲ್ಲಿ ಒಂದೆರಡು ಪಾಲಷ್ಟೇ. ಸ್ಥೂಲವಾಗಿ ಆರು ಸ್ಟಾಪ್ ಕಡಿಮೆ (ಬೆಳಕು ಅರ್ಧಕ್ಕೆ ಇಳಿದರೆ ಒಂದು ಸ್ಟಾಪ್). ಅದೇ ಅಪರ್ಚರ್ ಉಳಿಸಿಕೊಂಡು ಐಎಸ್‌ಒ 3200ಕ್ಕೆ ಏರಿಸಿದರೆ ಮೂರು ಸ್ಟಾಪ್ ಮರಳಿ ಸಿಗುತ್ತದೆ, ಉಳಿದ ಮೂರಕ್ಕೆ ಶಟರ್ 1/125ಕ್ಕೆ ಇಳಿಯಲೇಬೇಕು. 300 ಮಿಲಿಮೀಟರ್ ಲೆನ್ಸನ್ನು ಕೈಯಲ್ಲಿ ಹಿಡಿದು 1/125ರಲ್ಲಿ ತೆಗೆದ ಚಿತ್ರ ಅಲುಗುವುದು ಸಹಜ. ಮಸುಕು ಚಿತ್ರಗಳ ಹಿಂದಿರುವುದು ಇಷ್ಟೇ ಲೆಕ್ಕ, ಮತ್ತು ಈ ಲೆಕ್ಕವನ್ನು ಕಾಡಿಗೆ ಹೋಗುವ ಮೊದಲೇ ಮಾಡಿಕೊಂಡವರಿಗೆ ಎಲ್ಲಿ ನಿಲ್ಲಬೇಕೆಂಬುದೂ ತಿಳಿಯುತ್ತದೆ: ಮರಗಳ ನಡುವೆ ಕಿಂಡಿ ಬಿದ್ದ ಕಡೆ, ಹಳ್ಳದ ಪಕ್ಕ, ಬ್ಯಾಣದ (ಹುಲ್ಲುಗಾವಲು) ಅಂಚು.

ಹೊಂದಿಸುವ ಕ್ರಮ ಹೀಗಿರಲಿ. ಅಪರ್ಚರ್ ಆದ್ಯತೆಯ ಮೋಡ್ ಆರಿಸಿ, ಲೆನ್ಸ್ ಕೊಡುವ ಅತಿ ದೊಡ್ಡ ತೆರವನ್ನು ಇಟ್ಟುಕೊಳ್ಳಿ. ಐಎಸ್‌ಒವನ್ನು ಸ್ವಯಂಚಾಲಿತಕ್ಕೆ ಬಿಟ್ಟು ಗರಿಷ್ಠ ಮಿತಿ 6400 ಎಂದೂ, ಕನಿಷ್ಠ ಶಟರ್ ವೇಗ 1/500 ಎಂದೂ ನಿಗದಿಪಡಿಸಿ. ಕೂತ ಹಕ್ಕಿಗೆ ಇದು ಸಾಲುತ್ತದೆ, ಹಾರುವುದಕ್ಕೆ 1/1600 ಬೇಕು. ಫೋಕಸ್ ಒಂದೇ ಬಿಂದುವಿನಲ್ಲಿರಲಿ. ಎಲ್ಲ ಬಿಂದುಗಳನ್ನೂ ತೆರೆದಿಟ್ಟರೆ ಕ್ಯಾಮೆರಾ ಮುಂದಿನ ಎಲೆಯನ್ನು ಹಿಡಿಯುತ್ತದೆ, ಹಿಂದಿನ ಹಕ್ಕಿಯನ್ನು ಬಿಡುತ್ತದೆ. ಚಿತ್ರವನ್ನು ರಾ (ಸಂಸ್ಕರಿಸದ ಮೂಲ) ರೂಪದಲ್ಲಿ ಉಳಿಸಿ, ಏಕೆಂದರೆ ಎಲೆಗಳ ಮೂಲಕ ಬಂದ ಬೆಳಕು ಎಲ್ಲಕ್ಕೂ ಹಸಿರು ಛಾಯೆ ಕೊಡುತ್ತದೆ, ಅದನ್ನು ನಂತರ ತೆಗೆಯಲು ಅವಕಾಶವಿರಬೇಕು. ಶಬ್ದ ಮಾಡುವ ಬೀಪ್ ಮತ್ತು ಫ್ಲ್ಯಾಶ್ ಎರಡನ್ನೂ ಬಂದ್ ಮಾಡಿಬಿಡಿ. ಐಎಸ್‌ಒ ಏರಿದರೆ ಚಿತ್ರದಲ್ಲಿ ಕಾಳು ಬರುತ್ತದೆಂದು ಹಲವರು ಹೆದರುತ್ತಾರೆ. ಕಾಳಿರುವ ಚಿತ್ರವನ್ನು ಸುಧಾರಿಸಬಹುದು, ಅಲುಗಿದ ಚಿತ್ರಕ್ಕೆ ಮದ್ದಿಲ್ಲ.

ಮೊಬೈಲ್ ಮಾತ್ರ ಇರುವವರು ಬೆರಳಿನಿಂದ ಹಿಗ್ಗಿಸುವ ಜೂಮ್ ಬಳಸದೆ, ಹತ್ತಿರ ಹೋಗಬಹುದಾದ ಅಣಬೆ, ಎಲೆ, ತೊಗಟೆ, ಜೇಡರ ಬಲೆಗಳನ್ನೇ ಆರಿಸಿಕೊಳ್ಳಲಿ. ತೆರೆಯನ್ನು ಒತ್ತಿ ಹಿಡಿದು ಫೋಕಸ್ ಸ್ಥಿರಗೊಳಿಸಿ, ಬೆಳಕನ್ನು ಸ್ವಲ್ಪ ಇಳಿಸಿದರೆ ಬಿಳಿ ಭಾಗಗಳು ಸುಟ್ಟುಹೋಗುವುದಿಲ್ಲ.

ಹಂತ 6: ನಡೆಯುವುದಕ್ಕಿಂತ ಹೆಚ್ಚು ನಿಲ್ಲಿ

ಒಳಗೆ ಹೋದ ಕೂಡಲೇ ಮೊದಲ ಹದಿನೈದು ನಿಮಿಷ ಕ್ಯಾಮೆರಾ ಎತ್ತದೆ ನಿಲ್ಲಿ. ಯಾವ ದಿಕ್ಕಿನಿಂದ ಬೆಳಕು ಬರುತ್ತಿದೆ, ಯಾವ ಮರದಲ್ಲಿ ಹಣ್ಣು ಅಥವಾ ಹೂವಿದೆ, ಯಾವ ಕೊಂಬೆಯ ಹಿಂದೆ ಆಕಾಶದ ಬದಲು ಹಸಿರು ಹಿನ್ನೆಲೆ ಇದೆ ಎಂಬುದನ್ನು ಗುರುತಿಸಿಕೊಳ್ಳಿ. ನಂತರ ಒಂದೆರಡು ಖಾಲಿ ಚಿತ್ರ ತೆಗೆದು ಬೆಳಕಿನ ಪ್ರಮಾಣ ಪರೀಕ್ಷಿಸಿ. ಹೀಗೆ ಮಾಡಿದಾಗ ಜೀವಿ ಬರುವ ಮೊದಲೇ ನೀವು ಸಿದ್ಧರಾಗಿರುತ್ತೀರಿ.

ಬೆಳಗಿನ ಹೊತ್ತು ಹಲವು ಜಾತಿಯ ಹಕ್ಕಿಗಳು ಗುಂಪು ಕೂಡಿ ಮೇಯುತ್ತಾ ಸಾಗುತ್ತವೆ. ಇಂಥ ಗುಂಪಿನಲ್ಲಿ ಭೀಮರಾಜ ಇದ್ದೇ ಇರುತ್ತದೆ ಎನ್ನಬಹುದು, ಅದರ ಕೂಗು ಗುಂಪಿನ ಸುಳಿವು. ಹೊಸಬರು ಗುಂಪಿನ ಹಿಂದೆ ಓಡುತ್ತಾರೆ, ಅದರಿಂದ ಬಾಲಗಳ ಚಿತ್ರಗಳಷ್ಟೇ ಸಿಗುತ್ತವೆ. ಗುಂಪು ಸಾಗುತ್ತಿರುವ ದಿಕ್ಕನ್ನು ನೋಡಿ, ದೂರದಿಂದ ಬಳಸಿ ಅದರ ಮುಂದಕ್ಕೆ ಹೋಗಿ, ಬೆಳಕು ಬಿದ್ದ ಒಂದು ಕೊಂಬೆಗೆ ಮೊದಲೇ ಫೋಕಸ್ ಮಾಡಿ ನಿಲ್ಲಿ. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಕರೆಯುವುದನ್ನು ಖಂಡಿತವಾಗಿ ಮಾಡಬಾರದು. ಗೂಡಿನ ಕಾಲದಲ್ಲಿ ಅದು ತಾಯಿಹಕ್ಕಿಯನ್ನು ಮೊಟ್ಟೆಯಿಂದ ಎಬ್ಬಿಸುತ್ತದೆ. ಗೂಡನ್ನು ಮರೆಮಾಡಿರುವ ಎಲೆಗಳನ್ನು ಸರಿಸುವುದು ಇದಕ್ಕಿಂತ ದೊಡ್ಡ ಅಪರಾಧ, ಏಕೆಂದರೆ ನೀವು ತೆರೆದ ಕಿಂಡಿಯಿಂದಲೇ ಕಾಗೆಯೂ ನೋಡುತ್ತದೆ.

ಹಂತ 7: ಚಿತ್ರ ತೆಗೆಯುವಾಗಿನ ತಿದ್ದುಪಡಿಗಳು

ಆಕಾಶದ ಎದುರು ಕೂತ ಹಕ್ಕಿಗೆ ಎಕ್ಸ್‌ಪೋಶರ್ ತಿದ್ದುಪಡಿಯನ್ನು (ಕ್ಯಾಮೆರಾ ತಾನೇ ಅಳೆದದ್ದಕ್ಕಿಂತ ಬೆಳಕನ್ನು ಹೆಚ್ಚು–ಕಡಿಮೆ ಮಾಡುವುದು) +1ರಿಂದ +1.7ರವರೆಗೆ ಏರಿಸಬೇಕು, ಕಪ್ಪು ಆಕೃತಿಯ ದೋಷಕ್ಕೆ ಇದೇ ಪರಿಹಾರ. ಬೆಳ್ಳಕ್ಕಿಗೆ ಇದರ ವಿರುದ್ಧ, −0.7 ಅಥವಾ −1. ತೆಗೆದ ಕೂಡಲೇ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ, ಸರಿಯಾದ ಮೇಲೆ ಮತ್ತೆ ಶೂನ್ಯಕ್ಕೆ ತರಲು ಮರೆಯಬೇಡಿ. ಮರೆತರೆ ಮುಂದಿನದೆಲ್ಲವೂ ಕೆಡುತ್ತದೆ.

ಅಭ್ಯಾಸಕ್ಕೆ ಹಾರುವ ಓತಿಗಿಂತ ಒಳ್ಳೆಯ ಜೀವಿ ಮಲೆನಾಡಿನಲ್ಲಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಕಾಡಂಚಿನ ಅಡಿಕೆ ತೋಟಗಳಲ್ಲಿಯೂ ಅದು ಸಿಗುತ್ತದೆ, ತೋಟದ ಯಜಮಾನರನ್ನು ಕೇಳಿಕೊಂಡರೆ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಮೈಬಣ್ಣ ತೊಗಟೆಯ ಬಣ್ಣವೇ ಆದ್ದರಿಂದ ಮೊದಲು ಕಾಣುವುದು ಗಂಡಿನ ಗಂಟಲ ಕೆಳಗೆ ಪಟಪಟನೆ ತೆರೆದು ಮುಚ್ಚುವ ಹಳದಿ ಚೀಲ. ನೀವು ಹತ್ತಿರ ಹೋದರೆ ಅದು ಮರದ ಆಚೆ ಬದಿಗೆ ಸರಿಯುತ್ತದೆ, ನೀವು ಸುತ್ತಿದಂತೆ ಅದೂ ಸುತ್ತುತ್ತದೆ. ಅದರ ಬೆನ್ನು ಹತ್ತದೆ ಐದಾರು ಮೀಟರ್ ದೂರದಲ್ಲಿ ಕದಲದೆ ನಿಲ್ಲಿ. ಕೆಲವು ನಿಮಿಷದಲ್ಲಿ ಅದು ಇರುವೆಗಳನ್ನು ಹೆಕ್ಕುತ್ತಾ ಮತ್ತೆ ಈಚೆಗೆ ಬರುತ್ತದೆ. ಕಣ್ಣಿನ ಮೇಲೆ ಫೋಕಸ್ ಇಟ್ಟು, ಸತತ ಚಿತ್ರಗಳ ಮೋಡಿನಲ್ಲಿ ಚೀಲ ತೆರೆಯುವ ಕ್ಷಣಕ್ಕಾಗಿ ಕಾಯಿರಿ. ತಲೆಯನ್ನು ಕೆಳಗೆ ಮಾಡಿ ಮೈ ಬಿಗಿಹಿಡಿದರೆ ಅದು ಮುಂದಿನ ಮರಕ್ಕೆ ತೇಲಲು ಸಿದ್ಧವಾಗಿದೆ ಎಂದರ್ಥ. ಆಗ ಶಟರ್ 1/2000ಕ್ಕೆ ಏರಿಸಿ, ಚೌಕಟ್ಟನ್ನು ಸಡಿಲವಾಗಿಡಿ. ಹಾರಿಸಲೆಂದು ಮರವನ್ನು ತಟ್ಟುವುದು, ಕಲ್ಲೆಸೆಯುವುದು ಬೇಡ.

ಅಣಬೆ ಮತ್ತು ಕಪ್ಪೆಗಳಿಗೆ ಕ್ಯಾಮೆರಾ ಅವುಗಳ ಮಟ್ಟಕ್ಕೇ ಇಳಿಯಬೇಕು. ಕೈ ಊರುವ ಮೊದಲು, ಕೊಂಬೆ ಹಿಡಿಯುವ ಮೊದಲು ಅಲ್ಲಿ ಏನಿದೆ ಎಂದು ಟಾರ್ಚ್ ಹಾಕಿ ನೋಡಿ. ಹಳ್ಳದ ಬದಿಯ ಪೊದೆಗಳಲ್ಲಿ ಎಲೆಯ ಬಣ್ಣದ ಗುಳಿಮಂಡಲ ಗಂಟೆಗಟ್ಟಲೆ ಅಲುಗದೆ ಮಲಗಿರುತ್ತದೆ. ಅದರ ಚಿತ್ರಕ್ಕೆ ಉದ್ದ ಲೆನ್ಸನ್ನೇ ಬಳಸಿ, ಎರಡು ಮೀಟರಿಗಿಂತ ಹತ್ತಿರ ಹೋಗಬೇಡಿ, ಕಡ್ಡಿಯಿಂದ ಸರಿಸಬೇಡಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಮಾಡದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು.

ಹಂತ 8: ಹಿಂದಿರುಗಬೇಕಾದ ಸೂಚನೆಗಳು

ಹಬೆಯಾಡುವ ಆನೆಲದ್ದಿ, ಈಗಷ್ಟೇ ಮುರಿದಂತಿರುವ ಬಿದಿರು, ಮುಂದೆಲ್ಲೋ ಕೊಂಬೆ ಸಿಗಿಯುವ ಶಬ್ದ ಇವುಗಳಲ್ಲಿ ಒಂದಿದ್ದರೂ ಮುಂದಿನ ತಿರುವನ್ನು ನೋಡುವ ಆಸೆ ಬೇಡ. ಕಾಟಿ (ಕಾಡುಕೋಣ) ಬುಸುಗುಟ್ಟಿ ತಲೆ ತಗ್ಗಿಸಿ ಅಡ್ಡಕ್ಕೆ ನಿಂತರೆ ಅದು ಎಚ್ಚರಿಕೆ. ಕ್ಯಾಮೆರಾ ಇಳಿಸಿ, ಬೆನ್ನು ತಿರುಗಿಸದೆ ನಿಧಾನವಾಗಿ ಹಿಂದೆ ಸರಿಯಿರಿ. ಮುಸ್ಯಗಳು (ಕರಿಮುಖದ ಕೋತಿಗಳು) ಒಂದೇ ಸಮನೆ ಕೆಳಗೆ ನೋಡುತ್ತಾ ಕೆಮ್ಮಿದಂತೆ ಕೂಗಿದರೆ ಹತ್ತಿರದಲ್ಲಿ ಬೇಟೆಗಾರ ಪ್ರಾಣಿ ಇರಬಹುದು. ಚಳಿಗಾಲದಲ್ಲಿ ಬಳ್ಳಿಗಳಲ್ಲಿ ಕಂದು ತುಪ್ಪಳದ ನಸುಗುನ್ನಿ ಕಾಯಿ ತೂಗುತ್ತಿದ್ದರೆ ಗಾಳಿಯ ಎದುರು ಬದಿಯಿಂದ ಬಳಸಿ ಹೋಗಿ. ಅದರ ರೋಮ ಮೈಗೆ ಬಿದ್ದರೆ ತಾಳಲಾರದ ತುರಿಕೆಯಾಗುತ್ತದೆ. ಎಲೆಗಳನ್ನು ಹೆಣೆದು ಮಾಡಿದ ಚಗಳಿ ಇರುವೆಯ ಕೊಟ್ಟೆಗೆ ಮೊನೋಪಾಡ್ ತಾಗದಂತೆ ನೋಡಿಕೊಳ್ಳಿ.

ಹಂತ 9: ಮರಳಿದ ದಿನ ಮತ್ತು ಮುಂದಿನ ವಾರ

ಮನೆಗೆ ಬಂದ ಕೂಡಲೇ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಬದಿ, ಕಿವಿಯ ಹಿಂದೆ ಉಣುಗು ಇದೆಯೇ ಎಂದು ನೋಡಿಕೊಳ್ಳಿ. ಹಾಸಿದ ಶೀಟನ್ನು ಮನೆಯ ಹೊರಗೇ ಕೊಡವಿ, ಬಿಸಿಲಿಗೆ ಹಾಕಿ.

ತೇವಗೊಂಡ ಕ್ಯಾಮೆರಾವನ್ನು ಹಾಗೆಯೇ ಚೀಲದಲ್ಲಿ ಬಿಟ್ಟರೆ ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ. ಒರೆಸಿ, ಬ್ಯಾಟರಿ ತೆಗೆದು, ಗಾಳಿಯಾಡುವ ಕಡೆ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಗಾಳಿ ನುಗ್ಗದ ಡಬ್ಬಿಯಲ್ಲಿಡಿ; ಒಳಗಿನ ತೇವಾಂಶ ಶೇ. 40ರಿಂದ 50ರ ನಡುವೆ ಇದ್ದರೆ ಸರಿ. ಜೆಲ್‌ನ ಹರಳು ಬಣ್ಣ ಬದಲಾಯಿಸಿದಾಗ ಅದನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಚಿತ್ರಗಳನ್ನು ಹಂಚಿಕೊಳ್ಳುವ ಮೊದಲು ಅವುಗಳಲ್ಲಿ ಅಡಗಿರುವ ಸ್ಥಳದ ಮಾಹಿತಿಯನ್ನು ಅಳಿಸಿ. ಗೂಡು, ಸೀತಾಳೆ (ಆರ್ಕಿಡ್) ಹೂವು, ಹಾವುಗಳ ನಿಖರವಾದ ಜಾಗ ತಿಳಿದರೆ ಮರುದಿನವೇ ಅಲ್ಲಿ ಜನ ಸೇರುತ್ತಾರೆ. ತಾಲ್ಲೂಕಿನ ಹೆಸರು ಹೇಳಿದರೆ ಸಾಕು.

ಉಣುಗು ಕಚ್ಚಿದ ಮೇಲೆ ಸಾಮಾನ್ಯವಾಗಿ 3ರಿಂದ 8 ದಿನಗಳಲ್ಲಿ ಮಂಗನ ಕಾಯಿಲೆಯ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಈ ಅವಧಿಯಲ್ಲಿ ಇದ್ದಕ್ಕಿದ್ದಂತೆ ಚಳಿಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಅಂಗಡಿಯ ಜ್ವರದ ಮಾತ್ರೆಯಲ್ಲಿ ದಿನ ದೂಡದೆ ವೈದ್ಯರ ಬಳಿ ಹೋಗಿ, ಯಾವ ದಿನ ಯಾವ ಕಾಡಿಗೆ ಹೋಗಿದ್ದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.